ಹೊಣೆಗೇಡಿಗಳು ಯಾರು?

ಹವಾಯಿಯ ಶಾಲಾನಂತರದ ತರಗತಿಗಳ ಬಗ್ಗೆ ಪ್ರಕಟವಾದ ಲೇಖನದ ವಾದ ಇಷ್ಟು: ಕುಟುಂಬದ ಕೆಲಸವನ್ನು ಸರ್ಕಾರ ಪುಕ್ಕಟೆಯಾಗಿ ಮಾಡಿಕೊಟ್ಟರೆ ತಂದೆತಾಯಿ ಹೊಣೆ ಮರೆಯುತ್ತಾರೆ. ಕೇಳಲು ಸೊಗಸಾಗಿದೆ, ಸಂಗತಿಗಳು ಬೇರೆ.

ಆ ತರಗತಿಗಳು ಪುಕ್ಕಟೆಯೇ ಅಲ್ಲ. 1990ರಲ್ಲಿ ಅಲ್ಲಿನ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಶುರುವಾದ ‘ಎ ಪ್ಲಸ್’ ಶಾಲಾನಂತರದ ಯೋಜನೆಗೆ ತಿಂಗಳ ಶುಲ್ಕವಿದೆ. ಬಡ ಕುಟುಂಬಗಳಿಗೆ ರಿಯಾಯಿತಿ. ರೂಪಿಸಿದ್ದು ದುಡಿಯುವ, ಓದುವ ತಂದೆತಾಯಿಯರ ಮಕ್ಕಳಿಗಾಗಿ. ಲೇಖಕರು ಹೊಣೆಗೇಡಿಗಳೆಂದು ಜರೆಯುತ್ತಿರುವುದು ಇವರನ್ನೇ!

ಉದಾಹರಣೆಗೆ, ಹವಾಯಿಯ ಒಅಹು ದ್ವೀಪದ ಪಶ್ಚಿಮ ದಂಡೆಯ ವಯನೇಯಲ್ಲಿ ಮೂಲನಿವಾಸಿ ಹವಾಯಿಯನ್ನರು ಹೆಚ್ಚು. ಕೆಲಸ ಹೆಚ್ಚಾಗಿ ಸಿಗುವುದು ದೂರದ ಹೊನೊಲುಲು, ವೈಕಿಕಿಯ ಕಡೆ. ಹೋಗಿಬರಲು ಮುಖ್ಯವಾಗಿ ಒಂದೇ ಹೆದ್ದಾರಿ. ದಿನಸಿಯ ಬಹುಪಾಲು ಹಡಗಿನಲ್ಲಿ ಬರುವ ನಾಡಿನಲ್ಲಿ ಒಬ್ಬರ ಸಂಬಳದಲ್ಲಿ ಮನೆ ನಡೆಸಿ ಎನ್ನುವುದು ಬರೀ ಉಪದೇಶ.

ಸಂಸ್ಕೃತಿಯನ್ನು ಮನೆಯಲ್ಲೇ ಕಲಿಸಲಿ ಎಂಬ ಲೇಖಕರ ಮಾತಂತೂ ಇತಿಹಾಸವನ್ನೇ ಮರೆತದ್ದು. 1896ರ ಕಾನೂನು ಶಾಲೆಗಳಲ್ಲಿ ಇಂಗ್ಲಿಷನ್ನೇ ಬೋಧನಾ ಮಾಧ್ಯಮವಾಗಿಸಿತು. ಹವಾಯಿಯನ್ ನುಡಿ ಆಡಿದ ಮಕ್ಕಳಿಗೆ ಶಿಕ್ಷೆಯಾಯಿತು. ಎಷ್ಟೋ ಮನೆಗಳಲ್ಲಿ ಹಿರಿಯರೇ ಆ ನುಡಿಯನ್ನು ಬಿಟ್ಟರು. ಕಸಿದದ್ದು ಶಾಲೆ, ಮರಳಿಸುವ ಹೊಣೆ ಮಾತ್ರ ಮನೆಯದೇ? ನುಡಿ ಉಳಿಸಲು 1980ರ ದಶಕದಲ್ಲಿ ಹುಟ್ಟಿದ ‘ಪೂನನ ಲಿಯೊ’ ಶಿಶುವಿಹಾರಗಳಂತೂ (ಇವು ಸಂಜೆಯ ತರಗತಿಗಳಲ್ಲ, ನಿಜ) ಹೆತ್ತವರನ್ನು ಒಳಗೇ ಎಳೆದುಕೊಂಡವು: ಅವರೂ ನುಡಿ ಕಲಿಯಬೇಕು, ಶಾಲೆಗೆ ಶ್ರಮ ಕೊಡಬೇಕು.

ಖರ್ಚಿನ ಲೆಕ್ಕ ಕೇಳಲಿ, ತಕರಾರಿಲ್ಲ. ಆದರೆ ಈ ತರಗತಿಗಳ ಬಾಗಿಲು ಮುಚ್ಚಿ ಎನ್ನುವ ಮುನ್ನ, ತಾಯಿ ಕೆಲಸದಿಂದ ಬರುವವರೆಗೆ ಆ ಮಕ್ಕಳನ್ನು ಯಾರು ನೋಡಿಕೊಳ್ಳಬೇಕೆಂದು ಲೇಖಕರು ದಯವಿಟ್ಟು ಬರೆಯಲಿ.