ಹಳೆಯ ರೈಫಲ್‌ಗೆ ವಯಸ್ಸೇ ಲೈಸೆನ್ಸ್ ಅಲ್ಲ: ಗಡಿನಾಡಿನ ಅಟ್ಟದ ಕೋವಿಗಳು ಮತ್ತು ಕಾನೂನು



ಸೇನೆ ಕೈಬಿಟ್ಟ ಹಳೆಯ ರೈಫಲ್ ಕೊಂಡು, ತುಕ್ಕು ಉಜ್ಜಿ, ಮರದ ಹಿಡಿಗೆ ಎಣ್ಣೆ ಹಚ್ಚಿ, ಮತ್ತೆ ಗುಂಡು ಹಾರುವಂತೆ ಮಾಡುವ ವಿಡಿಯೊಗಳು ಈಗ ಮೊಬೈಲಿನಲ್ಲಿ ಬೇಕಾದಷ್ಟು ಸಿಗುತ್ತವೆ. ಅಮೆರಿಕದಲ್ಲಿ ಅದು ಹವ್ಯಾಸ. ಕಲ್ಲಟ್ಟಿಯಲ್ಲೋ ಮಸಿನಗುಡಿಯಲ್ಲೋ ಗುಂಡ್ಲುಪೇಟೆಯಲ್ಲೋ ಲೈಸೆನ್ಸ್ ಇಲ್ಲದೆ ಅದೇ ಕೆಲಸ ಮಾಡಿದರೆ ಕನಿಷ್ಠ ಏಳು ವರ್ಷ ಜೈಲು. ಈ ವ್ಯತ್ಯಾಸ ನಮ್ಮ ಯುವಕರಿಗೆ ಗೊತ್ತಿರಬೇಕು. ಅಜ್ಜನ ಕಾಲದ ಕೋವಿಯನ್ನು ಅಟ್ಟದ ಮೇಲೆ ಇಟ್ಟುಕೊಂಡಿರುವ ಹಿರಿಯರಿಗಂತೂ ಇನ್ನೂ ಚೆನ್ನಾಗಿ ಗೊತ್ತಿರಬೇಕು.

ಬೇರೆ ಕಡೆ ಹೇಗಿದೆ?

ಅಮೆರಿಕದ 1968ರ ಕಾನೂನಿನ ಪ್ರಕಾರ 1898 ಅಥವಾ ಅದಕ್ಕೂ ಮೊದಲು ತಯಾರಾದ ಬಂದೂಕು ‘ಪುರಾತನ’. ಕೇಂದ್ರ ಸರ್ಕಾರದ ಬಂದೂಕು ನಿಯಮಗಳು ಹೆಚ್ಚಾಗಿ ಅದಕ್ಕೆ ಅನ್ವಯಿಸುವುದಿಲ್ಲ. ಅಲ್ಲಿ ಲೆಕ್ಕಕ್ಕೆ ಬರುವುದು ತಯಾರಾದ ವರ್ಷ. ಇದರಿಂದ ಹಳೆಯ ರೈಫಲ್‌ಗಳಿಗೆ ದೊಡ್ಡ ಮಾರುಕಟ್ಟೆಯೇ ಹುಟ್ಟಿತು. ನಮ್ಮ ನೆರೆಯ ನೇಪಾಳವೂ ಅದರಲ್ಲಿ ಪಾಲು ಪಡೆಯಿತು. ಕಠ್ಮಂಡುವಿನ ಲಗನ್ ಸಿಲೇಖಾನಾ ಎಂಬ ಹಳೆಯ ಅರಮನೆಯಲ್ಲಿ ರಾಶಿ ಬಿದ್ದಿದ್ದ ರಾಜಮನೆತನದ ಶಸ್ತ್ರಾಗಾರವನ್ನು 2003ರಲ್ಲಿ ಅಮೆರಿಕದ ವ್ಯಾಪಾರಿಗಳು ಸಗಟಾಗಿ ಕೊಂಡರು. ಬ್ರೌನ್ ಬೆಸ್, ಮಾರ್ಟಿನಿ-ಹೆನ್ರಿ, ನೇಪಾಳದಲ್ಲೇ ತಯಾರಾದ ಗಹೇಂದ್ರ ಮುಂತಾದ ಸಾವಿರಾರು ಬಂದೂಕುಗಳು ಧೂಳು ಮೆತ್ತಿಕೊಂಡೇ ಹಡಗು ಹತ್ತಿ, ಸಂಗ್ರಹಕಾರರ ಮನೆ ಸೇರಿದವು.

ನಮ್ಮಲ್ಲಿ ಸೇನೆ, ಪೊಲೀಸರ ಹಳೆಯ ರೈಫಲ್‌ಗಳು ಹೀಗೆ ಸಂತೆಗೆ ಬರುವುದಿಲ್ಲ. ಉತ್ತರ ಪ್ರದೇಶದ ಪೊಲೀಸರು 2020ರ ಗಣರಾಜ್ಯೋತ್ಸವದಂದು .303 ರೈಫಲ್‌ಗೆ ಗೌರವದ ವಿದಾಯ ಹೇಳಿದರು. ಅವುಗಳನ್ನು ಸಾಮಾನ್ಯ ನಾಗರಿಕ ಕೊಳ್ಳುವ ಹಾಗಿಲ್ಲ. ನಾವು ‘ತ್ರೀ ನಾಟ್ ತ್ರೀ’ ಎಂದು ಕರೆಯುವ ಈ ರೈಫಲ್ ‘ನಿಷೇಧಿತ ಬೋರ್’ ವರ್ಗಕ್ಕೆ ಸೇರಿದೆ. ಸೇನೆಯ ಗುಂಡು ಹೊಂದುವ ಕೋವಿ ಜನರ ಕೈಯಲ್ಲಿ ಇರಬಾರದು ಎಂಬುದು ಬ್ರಿಟಿಷರ ಕಾಲದಿಂದ ಬಂದ ಎಚ್ಚರಿಕೆ. ಅದಕ್ಕಾಗಿಯೇ ಇಶಾಪುರದ ರೈಫಲ್ ಕಾರ್ಖಾನೆ ನಾಗರಿಕರಿಗಾಗಿ .315 ಬೋರಿನ ಬೇರೆ ರೈಫಲ್ ತಯಾರಿಸಿತು.

ನೀಲಗಿರಿಗೂ ತ್ರೀ ನಾಟ್ ತ್ರೀಗೂ ಹಳೆಯ ನಂಟು. ಕೂನೂರಿನ ಬಳಿ ಅರುವಂಕಾಡಿನಲ್ಲಿ 20ನೇ ಶತಮಾನದ ಆರಂಭದಲ್ಲಿ ಶುರುವಾದ ಕಾರ್ಡೈಟ್ ಕಾರ್ಖಾನೆ ಆ ಕಾಲದ ಗುಂಡುಗಳಿಗೆ ಬೇಕಾದ ಮದ್ದನ್ನು ತಯಾರಿಸುತ್ತಿತ್ತು. ವೆಲ್ಲಿಂಗ್ಟನ್‌ನಲ್ಲಿ ಮದ್ರಾಸ್ ರೆಜಿಮೆಂಟಿನ ಕೇಂದ್ರವಿದೆ. ಟೀ ತೋಟದ ದೊರೆಗಳ ಶಿಕಾರಿ ಎಷ್ಟು ಜೋರಾಗಿತ್ತೆಂದರೆ ಅದಕ್ಕೆ ಕಡಿವಾಣ ಹಾಕಲು 1879ರಲ್ಲೇ ನೀಲಗಿರಿಗೆಂದು ಪ್ರತ್ಯೇಕ ಕಾಯ್ದೆ ಬಂತು. ಇಂಥ ಜಿಲ್ಲೆಯ ಹಳೆಯ ಮನೆಗಳಲ್ಲಿ ಕೇಪಿನ ಕೋವಿಯೋ ಜೋಡಿ ನಳಿಗೆಯೋ ಉಳಿದಿದ್ದರೆ ಅಚ್ಚರಿಯಿಲ್ಲ.

ಕಾನೂನು ಕೇಳುವ ಪ್ರಶ್ನೆಯೇ ಬೇರೆ

‘ನೂರು ವರ್ಷ ಹಳೆಯದು, ತುಕ್ಕು ಹಿಡಿದಿದೆ, ಅದಕ್ಕೆಂಥ ಲೈಸೆನ್ಸ್?’ ಎನ್ನುವವರು ನಮ್ಮಲ್ಲಿ ಬಹಳ. ಈ ಮಾತಿನಲ್ಲಿ ಅರ್ಧ ಮಾತ್ರ ನಿಜ. 1959ರ ಶಸ್ತ್ರಾಸ್ತ್ರ ಕಾಯ್ದೆಯ 45ನೇ ಸೆಕ್ಷನ್ ಹಳೆಯ ಮಾದರಿಯ, ಪುರಾತನ ಮೌಲ್ಯದ ಅಥವಾ ಕೆಟ್ಟುಹೋದ ಆಯುಧಕ್ಕೆ ವಿನಾಯಿತಿ ಕೊಡುತ್ತದೆ. ಆದರೆ ಅದೇ ವಾಕ್ಯದಲ್ಲಿ ಒಂದು ಷರತ್ತೂ ಇದೆ: ರಿಪೇರಿ ಮಾಡಿದರೂ ಮಾಡದಿದ್ದರೂ ಅದು ಬಂದೂಕಾಗಿ ಬಳಕೆಗೆ ಬರುವಂತಿರಬಾರದು. ಅಂದರೆ ಈಗ ಗುಂಡು ಹಾರುವುದಿಲ್ಲ ಎಂದರೆ ಸಾಲದು, ರಿಪೇರಿ ಮಾಡಿದರೂ ಹಾರಬಾರದು.

ಹಳೆಯ ರೈಫಲನ್ನು ಸರಿಪಡಿಸುವ ಹವ್ಯಾಸ ಕುಸಿಯುವುದು ಇಲ್ಲಿಯೇ. ಸರಿಪಡಿಸಲು ಸಾಧ್ಯವಿರುವ ಕೋವಿಗೆ ಮೊದಲೇ ವಿನಾಯಿತಿ ಇಲ್ಲ. ಇನ್ನು ಸರಿಪಡಿಸುವುದಕ್ಕೆ 5ನೇ ಸೆಕ್ಷನ್ ಪ್ರಕಾರ ಬೇರೆಯದೇ ಲೈಸೆನ್ಸ್ ಬೇಕು. ತಯಾರಿಕೆ, ಮಾರಾಟ, ಮಾರ್ಪಾಡು, ರಿಪೇರಿ ಎಲ್ಲವೂ ಆ ಒಂದೇ ಸೆಕ್ಷನ್ನಿನಲ್ಲಿ ಸೇರಿವೆ. 2019ರ ತಿದ್ದುಪಡಿಯ ನಂತರ ಲೈಸೆನ್ಸ್ ಇಲ್ಲದೆ ಸಾಮಾನ್ಯ ಬಂದೂಕು ಇಟ್ಟುಕೊಂಡರೆ 2ರಿಂದ 5 ವರ್ಷ ಶಿಕ್ಷೆ. ಲೈಸೆನ್ಸ್ ಇಲ್ಲದೆ ರಿಪೇರಿ ಮಾಡಿದರೆ 7 ವರ್ಷದಿಂದ ಜೀವಾವಧಿವರೆಗೆ. ಸುಮ್ಮನೆ ಬಿದ್ದಿದ್ದ ಕೋವಿಯನ್ನು ಮೋಹದಿಂದ ಉಜ್ಜಿ ಸರಿ ಮಾಡಿದವನು ತನ್ನ ಅಪರಾಧವನ್ನು ತಾನೇ ದೊಡ್ಡದು ಮಾಡಿಕೊಂಡಂತೆ. ಬಿಡಿಭಾಗ ಕೊಂಡರೆ ಪರವಾಗಿಲ್ಲ ಎಂಬ ಲೆಕ್ಕವೂ ನಿಲ್ಲುವುದಿಲ್ಲ. ಕಾಯ್ದೆಯ ವ್ಯಾಖ್ಯೆಯಲ್ಲಿ ಆಯುಧದ ಭಾಗಗಳೂ ಆಯುಧವೇ. ಗುಜರಿಯಲ್ಲಿ ಸಿಕ್ಕ ನಳಿಗೆ ಗುಜರಿ ಸಾಮಾನೆಂದು ನಾವು ಹೇಳಿದರೆ ಮುಗಿಯುವುದಿಲ್ಲ.

ಅದೇ ತಿದ್ದುಪಡಿ ಒಬ್ಬರ ಬಳಿ ಇರಬಹುದಾದ ಬಂದೂಕುಗಳ ಸಂಖ್ಯೆಯನ್ನು ಮೂರರಿಂದ ಎರಡಕ್ಕೆ ಇಳಿಸಿತು. ಮಸೂದೆಯಲ್ಲಿ ಮೊದಲು ಒಂದೇ ಎಂದಿತ್ತು. ವಿರೋಧ ಬಂದ ಮೇಲೆ ಎರಡಾಯಿತು. ಹೆಚ್ಚಿನದನ್ನು ಒಂದು ವರ್ಷದೊಳಗೆ ಠಾಣೆಗೋ ಲೈಸೆನ್ಸ್ ಪಡೆದ ವ್ಯಾಪಾರಿಗೋ ಒಪ್ಪಿಸಬೇಕಿತ್ತು. ವಂಶಪಾರಂಪರ್ಯವಾಗಿ ಬಂದ ಕೋವಿಗೂ ಇದೇ ಮಿತಿ.

ಗಡಿಯಲ್ಲಿ ಏಕೆ ಹೆಚ್ಚು ತೊಡಕು?

ಮೊದಲನೆಯದು ಕಾಡು. ಊಟಿಯಿಂದ ಕಲ್ಲಟ್ಟಿ ಘಾಟಿ ಇಳಿದು ಮಸಿನಗುಡಿ, ತೆಪ್ಪಕಾಡು ದಾಟಿ ಗುಂಡ್ಲುಪೇಟೆಗೆ ಬರುವ ದಾರಿ ಮುದುಮಲೆ, ಬಂಡೀಪುರಗಳ ನಡುವೆಯೇ ಹಾದುಬರುತ್ತದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ 34ನೇ ಸೆಕ್ಷನ್ ಪ್ರಕಾರ ಅಭಯಾರಣ್ಯದ 10 ಕಿಲೋಮೀಟರ್ ಒಳಗೆ ವಾಸಿಸುವ ಕೋವಿದಾರರು ಅರಣ್ಯ ಇಲಾಖೆಯಲ್ಲೂ ನೋಂದಾಯಿಸಿಕೊಳ್ಳಬೇಕು. ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆ ಇಲ್ಲದೆ ಅಲ್ಲಿ ಹೊಸ ಲೈಸೆನ್ಸ್ ಸಿಗುವುದಿಲ್ಲ. ಕಾಡಂಚಿನಲ್ಲಿ ಸಿಕ್ಕ ಕೋವಿಯನ್ನು ಅಧಿಕಾರಿ ನೋಡುವುದು ಇತಿಹಾಸದ ಕಣ್ಣಿನಿಂದಲ್ಲ, ಕಳ್ಳಬೇಟೆಯ ಕಣ್ಣಿನಿಂದ. ಆ ಅನುಮಾನಕ್ಕೆ ಕಾರಣವೂ ಇದೆ.

ಎರಡನೆಯದು ದಾಖಲೆ. 1956ರವರೆಗೆ ಕೊಳ್ಳೇಗಾಲ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಕಾಸರಗೋಡು ದಕ್ಷಿಣ ಕನ್ನಡದಲ್ಲಿತ್ತು. ಆಮೇಲೆ ಕಣ್ಣೂರಿಗೆ ಸೇರಿ, 1984ರಲ್ಲಿ ತಾನೇ ಜಿಲ್ಲೆಯಾಯಿತು. ಗುಂಡ್ಲುಪೇಟೆ 1997ರವರೆಗೆ ಮೈಸೂರು ಜಿಲ್ಲೆ. ಹಾಗಾಗಿ ಅಜ್ಜನ ಲೈಸೆನ್ಸಿನ ಮೂಲ ದಾಖಲೆ ಇಂದಿನ ಜಿಲ್ಲಾ ಕಚೇರಿಯಲ್ಲಿ ಸಿಗದಿದ್ದರೆ ಅದು ಇರಲೇ ಇಲ್ಲ ಎಂದಲ್ಲ. ಗಡಿ ಬದಲಾಗುವ ಮೊದಲಿನ ಜಿಲ್ಲೆಯಲ್ಲೂ ಹುಡುಕಬೇಕು.

ಮೂರನೆಯದು ಕೊಡಗಿನ ಉದಾಹರಣೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿ ಇದೆ. ಕೇಂದ್ರ ಗೃಹ ಇಲಾಖೆ 2019ರಲ್ಲಿ ಅದನ್ನು 2029ರ ಅಕ್ಟೋಬರ್ 31ರವರೆಗೆ ಮುಂದುವರಿಸಿತು. ಕರ್ನಾಟಕ ಹೈಕೋರ್ಟ್ 2021ರಲ್ಲಿ ಅದನ್ನು ಎತ್ತಿಹಿಡಿಯಿತು. ಆದರೆ ಅದು 3 ಮತ್ತು 4ನೇ ಸೆಕ್ಷನ್‌ಗಳಿಂದ ಮಾತ್ರ ವಿನಾಯಿತಿ. ನಿಷೇಧಿತ ಆಯುಧದ 7ನೇ ಸೆಕ್ಷನ್ನಾಗಲಿ ರಿಪೇರಿಯ 5ನೇ ಸೆಕ್ಷನ್ನಾಗಲಿ ಅದರಲ್ಲಿ ಇಲ್ಲ. ಕೊಡಗಿನ ನೆಂಟರನ್ನು ನೋಡಿ ಗೂಡಲೂರಿನವರು ತಮಗೂ ಹಾಗೇ ನಡೆಯುತ್ತದೆ ಎಂದುಕೊಳ್ಳಬಾರದು.

ಏನು ಮಾಡಬಹುದು?

ಹಳೆಯ ಕೋವಿಯ ಮೇಲೆ ನಿಜವಾದ ಆಸಕ್ತಿ ಇರುವವರಿಗೆ ದಾರಿ ಪೂರ್ತಿ ಮುಚ್ಚಿಲ್ಲ. ಮೊದಲು ಲೈಸೆನ್ಸ್, ಆಮೇಲೆ ನಿಷೇಧವಿಲ್ಲದ ಬೋರಿನ ಕೋವಿ, ಅದೂ ಲೈಸೆನ್ಸ್ ಪಡೆದ ವ್ಯಾಪಾರಿಯಿಂದ. ರಿಪೇರಿಯೂ ಲೈಸೆನ್ಸ್ ಇರುವವರ ಕೈಯಲ್ಲೇ ಆಗಬೇಕು. ವಿದೇಶದಲ್ಲಿರುವ ಮಕ್ಕಳು ಅಲ್ಲಿ ಕೊಂಡದ್ದನ್ನು ಉಡುಗೊರೆಯಾಗಿ ಇಲ್ಲಿಗೆ ತರುವುದು ಬೇಡ. ಆಮದಿಗೂ ಲೈಸೆನ್ಸ್ ಬೇಕು.

ಮನೆಯಲ್ಲಿ ಹಿರಿಯರ ಕೋವಿ ಇದ್ದು, ಲೈಸೆನ್ಸ್ ಇದ್ದವರು ತೀರಿಹೋಗಿದ್ದರೆ ತಡಮಾಡದೆ ಠಾಣೆಗೋ ವ್ಯಾಪಾರಿಗೋ ಒಪ್ಪಿಸಬೇಕೆಂದು 21ನೇ ಸೆಕ್ಷನ್ ಹೇಳುತ್ತದೆ. ಒಪ್ಪಿಸಿದರೆ ಹಕ್ಕು ಹೋಯಿತು ಎಂದಲ್ಲ. ವಾರಸುದಾರರು ಲೈಸೆನ್ಸ್ ಪಡೆದು ವಾಪಸ್ ತರಬಹುದು, ಅಥವಾ ಅರ್ಹರಿಗೆ ಮಾರಬಹುದು. ನಿಗದಿತ ಅವಧಿ ಮೀರಿದರೆ ಮಾತ್ರ ಅದು ಸರ್ಕಾರದ ಪಾಲು. ಯಾವ ಕಾಗದವೂ ಇಲ್ಲದ ಕೋವಿಯಾದರೆ ಅದನ್ನು ಮುಟ್ಟುವ ಮೊದಲು ವಕೀಲರನ್ನು ಕೇಳಿ. ಗಾಡಿಯಲ್ಲಿ ಹಾಕಿಕೊಂಡು ಚೆಕ್‌ಪೋಸ್ಟ್ ದಾಟಲು ಹೊರಡಬೇಡಿ. ನದಿಗೆ ಎಸೆಯುವುದೂ ಪರಿಹಾರವಲ್ಲ.

ಸರ್ಕಾರವೂ ಒಂದು ಮಾತು ಯೋಚಿಸಬೇಕು. ಹೆದರಿಕೆಯಿಂದ ಬಚ್ಚಿಟ್ಟ ಕೋವಿ ಕಳ್ಳರ ಕೈ ಸೇರಬಹುದು. ಒಪ್ಪಿಸಿದ ಕೋವಿಯಲ್ಲಿ ಊರಿನ ಚರಿತ್ರೆಯೂ ಇರಬಹುದು. ತಾವಾಗಿ ಮುಂದೆ ಬರುವ ಕುಟುಂಬಗಳಿಗೆ ಕಾಲಾವಕಾಶ ಕೊಟ್ಟು, ನಾಶಮಾಡುವ ಮೊದಲು ಪುರಾತತ್ವ ತಿಳಿದವರಿಂದ ಒಮ್ಮೆ ನೋಡಿಸಿ, ಯೋಗ್ಯವಾದದ್ದನ್ನು ವಸ್ತುಸಂಗ್ರಹಾಲಯಕ್ಕೆ ಕಳಿಸಿದರೆ ಭದ್ರತೆಗೂ ಕುಂದಿಲ್ಲ, ಇತಿಹಾಸಕ್ಕೂ ನಷ್ಟವಿಲ್ಲ.

ನಮ್ಮಂಥ ಸಂಘಗಳಿಗೂ ಇಲ್ಲಿ ಕೆಲಸವಿದೆ. ತಮಿಳಿನಲ್ಲೋ ಮಲಯಾಳದಲ್ಲೋ ಬಂದ ನೋಟಿಸನ್ನು ಹಿರಿಯರಿಗೆ ಕನ್ನಡದಲ್ಲಿ ಓದಿ ಹೇಳುವುದು, ಕಚೇರಿಗೆ ಜೊತೆಯಲ್ಲಿ ಹೋಗುವುದು, ಹಳೆಯ ಲೈಸೆನ್ಸ್ ಪುಸ್ತಕ, ಫೋಟೊ, ಮನೆಯವರ ನೆನಪುಗಳನ್ನು ಬರೆದಿಡುವುದು. ಕೋವಿ ಇಟ್ಟುಕೊಳ್ಳಲು ಲೈಸೆನ್ಸ್ ಬೇಕು, ಅದರ ಕಥೆ ಇಟ್ಟುಕೊಳ್ಳಲು ಬೇಡ. ಇಂಥ ಕಾಗದಗಳಿರುವ ಸದಸ್ಯರು ಅವನ್ನು ಜೋಪಾನವಾಗಿ ಇಟ್ಟುಕೊಂಡು, ಒಂದು ಪ್ರತಿ ಮಾಡಿಸಿಡಬೇಕಾಗಿ ವಿನಂತಿ.