ಸಾಗಾಟದ ಬಾಡಿಗೆಗೂ ತೆರಿಗೆಯೇ?

ನರಿಮೊಗರಿನ ಅಡಿಕೆ ಬೆಳೆಗಾರನೊಬ್ಬನು ಕೊಯಮತ್ತೂರಿನ ವ್ಯಾಪಾರಿಯು ನಡೆಸುವ ಆನ್‌ಲೈನ್ ಏಲಂನಲ್ಲಿ ಹೊಸ ವಿದ್ಯುತ್ ಮೋಟಾರೊಂದಕ್ಕೆ, ತೆರಿಗೆ ಬಿಟ್ಟು 8,000 ರೂಪಾಯಿ ಸವಾಲು ಹಾಕಿ ಗೆದ್ದನೆಂದು ಇಟ್ಟುಕೊಳ್ಳೋಣ. ಸಾಗಾಟಕ್ಕೆ 1,200 ರೂಪಾಯಿ ಎಂದು ವ್ಯಾಪಾರಿಯು ಬಿಲ್ಲಿಗೆ ಸೇರಿಸುತ್ತಾನೆ. ಮೋಟಾರಿನ ತೆರಿಗೆ ಶೇಕಡಾ 18. ಆದರೆ ಅದನ್ನು ಲೆಕ್ಕ ಹಾಕುವುದು 8,000ದ ಮೇಲಲ್ಲ, 9,200ರ ಮೇಲೆ. ಬಾಡಿಗೆಯೊಂದರ ಮೇಲೆಯೇ 216 ರೂಪಾಯಿ ತೆರಿಗೆ! ಅದೇ ಮೋಟಾರನ್ನು ಅದೇ ಸವಾಲಿಗೆ ಕೊಯಮತ್ತೂರಿನವನೇ ಕೊಂಡು 200 ರೂಪಾಯಿ ಬಾಡಿಗೆ ಕೊಟ್ಟರೆ ಅವನ ಪಾಲಿಗೆ ಬರುವುದು 36. ಮೋಟಾರೂ ಒಂದೇ, ಕ್ರಯವೂ ಒಂದೇ. ಉಳಿದ 180 ರೂಪಾಯಿ ಏತಕ್ಕೆ? ಪೇಟೆಯಿಂದ ದೂರದಲ್ಲಿ ಬದುಕುವ ಅಪರಾಧಕ್ಕೆ.

ಇದು ವ್ಯಾಪಾರಿಯ ಮೋಸವಲ್ಲ, ಕಾನೂನೇ ಹೀಗೆ. 2017ರ ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಕಾನೂನಿನ 15ನೇ ಕಲಮಿನಂತೆ, ಮಾಲು ಕೈಸೇರುವ ಮೊದಲು ಮಾರುವವನು ಮಾಡುವ ಕೆಲಸಕ್ಕೆ ಪಡೆಯುವ ಹಣವೆಲ್ಲ ಮಾಲಿನ ಮೌಲ್ಯಕ್ಕೆ ಸೇರಿತು. ಮಾಲಿಗೆ ಯಾವ ದರವೋ ಬಾಡಿಗೆಗೂ ಅದೇ ದರ.

ಹಿಂದೆ ಹೀಗಿರಲಿಲ್ಲ. 1939ರಲ್ಲಿ ರಾಜಾಜಿಯವರ ಮಂತ್ರಿಮಂಡಲವು ಮದ್ರಾಸ್ ಪ್ರಾಂತದಲ್ಲಿ ಮಾರಾಟ ತೆರಿಗೆಯನ್ನು ತಂದಾಗ ಪುತ್ತೂರೂ ಆ ಪ್ರಾಂತದಲ್ಲಿಯೇ ಇತ್ತು. ಅಂದಿನಿಂದ ಈ ತೆರಿಗೆಯ ಭಾರವನ್ನು ನಮ್ಮ ಜನ ಬಲ್ಲರು. ಆದರೂ 1956ರ ಕೇಂದ್ರ ಮಾರಾಟ ತೆರಿಗೆ ಕಾನೂನು ಒಂದು ನ್ಯಾಯವನ್ನು ಇಟ್ಟುಕೊಂಡಿತ್ತು: ಸಾಗಾಟದ ಖರ್ಚನ್ನು ಬೇರೆಯಾಗಿ ವಸೂಲು ಮಾಡಿದರೆ ಅದು ಮಾರಾಟದ ಕ್ರಯಕ್ಕೆ ಸೇರದು. ಒಪ್ಪಂದದ ಬೆಲೆಯಲ್ಲಿಯೇ ಬಾಡಿಗೆ ಅಡಗಿದ್ದರೆ ಅದು ಕ್ರಯದ ಭಾಗವೆಂದು 1978ರಲ್ಲಿ ಹಿಂದೂಸ್ತಾನ್ ಶುಗರ್ ಮಿಲ್ಸ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತದ್ದು ನಿಜ. ಆದರೆ ಮಾಲು ಬೇರೆ, ಬಾಡಿಗೆ ಬೇರೆ ಎಂಬ ವಿವೇಕ ಅಳಿದಿರಲಿಲ್ಲ.

ಇನ್ನೊಂದು ವಿಚಿತ್ರವನ್ನು ನೋಡಿರಿ. ಇದೇ ಬೆಳೆಗಾರನು ತಾನೇ ಲಾರಿ ಗೊತ್ತುಮಾಡಿ ಮೋಟಾರನ್ನು ತರಿಸಿಕೊಂಡರೆ ಆ ಬಾಡಿಗೆಗೆ ತೆರಿಗೆ ಇಲ್ಲ. ನೋಂದಣಿ ಇಲ್ಲದವನಿಗೆ ಲಾರಿ ಸಾಗಾಟದಲ್ಲಿ ವಿನಾಯಿತಿ ಉಂಟು. ಅದೇ ಲಾರಿ, ಅದೇ ಘಾಟಿ, ಅದೇ ಹೊಂಡದ ರಸ್ತೆ. ಚೀಟಿ ಬರೆದವನು ಮಾರಾಟಗಾರನಾದರೆ ಮಾತ್ರ ತೆರಿಗೆ! ಒಂದು ಮೋಟಾರಿಗಾಗಿ ಕೊಯಮತ್ತೂರಿಗೆ ಲಾರಿ ಕಳುಹಿಸುವ ತಾಕತ್ತು ಯಾರಿಗಿದೆ? ಇಡೀ ಲೋಡು ತರಿಸುವ ಧನಿಕನಿಗೆ. ಬಡವನು ಅಂಚೆಯ ಮೊರೆ ಹೋಗೋಣವೆಂದರೆ 2022ರ ಜುಲೈಯಿಂದ ಅಂಚೆ ಪಾರ್ಸೆಲ್ಲಿಗೂ ಶೇಕಡಾ 18 ಬಿತ್ತು.

ಪೇಟೆಯ ನೋಂದಾಯಿತ ವ್ಯಾಪಾರಿಯು ಅಂಗಡಿಗೆಂದು ಇದೇ ಮೋಟಾರನ್ನು ಕೊಂಡರೆ, ಕೊಟ್ಟ ತೆರಿಗೆಯನ್ನು ತಾನು ಕಟ್ಟಬೇಕಾದ ತೆರಿಗೆಯಲ್ಲಿ ವಜಾ ಮಾಡಿಕೊಳ್ಳುತ್ತಾನೆ. ತೋಟದ ಬೆಳೆಗೆ ನೋಂದಣಿ ಬೇಡವೆಂದು ರೈತನಿಗೆ ಕಾನೂನು ಕೃಪೆ ತೋರಿದೆ. ಆ ಕೃಪೆಯ ಫಲವಾಗಿ ಅವನು ಕೊಟ್ಟದ್ದು ಹಿಂದಕ್ಕೆ ಬಾರದು. ಕೂಲಿಕಾರನ ಮಿಕ್ಸಿಗೂ ಶಾಲಾ ಮಾಸ್ತರರ ಮೇಜಿಗೂ ಇದೇ ಗತಿ. ಬೆನ್ನಿಗೆ ಬಿದ್ದ ಹೊರೆಯನ್ನು ಮುಂದಿನವನಿಗೆ ದಾಟಿಸಲಾರದವನೇ ಕೊನೆಗೆ ಹೊರುವವನು.

ಬಾಡಿಗೆಯನ್ನು ಬಿಟ್ಟರೆ ವ್ಯಾಪಾರಿಗಳು ಕ್ರಯವನ್ನು ಇಳಿಸಿ ಬಾಡಿಗೆಯನ್ನು ಏರಿಸಿ ತೆರಿಗೆ ತಪ್ಪಿಸಿಯಾರೆಂದು ಅಧಿಕಾರಿಗಳು ಹೇಳಬಹುದು. ಸುಳ್ಳಲ್ಲ, ನೂರು ರೂಪಾಯಿಯ ಮಾಲಿಗೆ ಐನೂರು ಬಾಡಿಗೆ ಬರೆಯುವ ಜಾಣರು ಇದ್ದಾರೆ. ಅದಕ್ಕೆ ಔಷಧ ಸುಲಭ. ಲಾರಿಯ ಅಥವಾ ಅಂಚೆಯ ರಶೀದಿಯಲ್ಲಿ ಇರುವಷ್ಟನ್ನು ಮಾತ್ರ ಬಿಡಲಿ, ಹೆಚ್ಚಿನದಕ್ಕೆ ತೆರಿಗೆ ಹಾಕಲಿ. ಕಳ್ಳನಿಗೆ ಹೆದರಿ ಊರಿಗೆಲ್ಲ ಜುಲ್ಮಾನೆ ವಿಧಿಸುವುದು ಆಡಳಿತವಲ್ಲ.

ಈ ನಿಯಮವನ್ನು ಬದಲಿಸಲು ಮೊದಲು ತೆರಿಗೆ ಮಂಡಳಿ ಒಪ್ಪಬೇಕು. ಅಲ್ಲಿ ಮತದ ತೂಕದಲ್ಲಿ ಮೂರನೆಯ ಒಂದು ಪಾಲು ಕೇಂದ್ರದ್ದು, ಮೂರನೆಯ ಎರಡು ಪಾಲು ರಾಜ್ಯಗಳದ್ದು; ನಿರ್ಣಯಕ್ಕೆ ನಾಲ್ಕನೆಯ ಮೂರು ಪಾಲು ಬೇಕು. ಕೇಂದ್ರ ಒಪ್ಪದೆ ಏನೂ ಆಗದು. ಹಾಗೆಂದು ಕರ್ನಾಟಕದ ಮಂತ್ರಿಗಳು ಸುಮ್ಮನೆ ಕೂಡ್ರಬೇಕಾಗಿಲ್ಲ. ನೋಂದಣಿ ಇಲ್ಲದ ಗ್ರಾಹಕನಿಗೆ ಕಳುಹಿಸುವ ಮಾಲಿನ ನಿಜವಾದ ಬಾಡಿಗೆಯನ್ನು ತೆರಿಗೆಯಿಂದ ಬಿಡಬೇಕೆಂಬ ಗೊತ್ತುವಳಿಯನ್ನು ಅವರು ಮಂಡಳಿಯ ಮುಂದಿನ ಸಭೆಯಲ್ಲಿ ಮಂಡಿಸಲಿ. ಪುತ್ತೂರು, ಸುಳ್ಯ ಕ್ಷೇತ್ರಗಳ ಶಾಸಕರು ವಿಧಾನಸಭೆಯಲ್ಲಿ ಈ ಪ್ರಶ್ನೆಯನ್ನೆತ್ತಲಿ. ವಾಚಕರು ತಮ್ಮ ಬಿಲ್ಲುಗಳಲ್ಲಿ ಬಾಡಿಗೆಯ ಮೇಲೆ ಬಿದ್ದ ತೆರಿಗೆಗೆ ಗೆರೆ ಎಳೆದು, ಅವುಗಳ ಪ್ರತಿಯನ್ನು ಶಾಸಕರಿಗೆ ಒಪ್ಪಿಸಬೇಕೆಂದು ಕೋರುತ್ತೇವೆ.