ಗೂಳಿಯ ಮುಖ

ದಢೇಸುಗೂರಿನ ತವರಿಗೆ ಟ್ರ್ಯಾಕ್ಟರ್ ತರುವ ದಿನ ತಮ್ಮನ ಜೊತೆ ನಾನೂ ಸಿಂಧನೂರಿನ ಅಂಗಡಿಗೆ ಹೋಗಿದ್ದೆ. ಮಾರುವ ಹುಡುಗ ಎಂಜಿನ್ನಿನ ಮಾತನ್ನು ಎರಡೇ ನಿಮಿಷದಲ್ಲಿ ಮುಗಿಸಿ ಬಾನೆಟ್ಟನ್ನು ಹೊಗಳತೊಡಗಿದ. "ಮುಂದ್ ನಿಂತು ನೋಡ್ರಿ ಅಣ್ಣಾರ, ಗೂಳಿ ನಿಂತಂಗ ಐತಿ." ನಾನು ಸುಮ್ಮನಿರಲಾರದೆ ಹತ್ತಿ ಕೂತೆ. ಸೀಟನ್ನು ಪೂರ್ತಿ ಮುಂದಕ್ಕೆಳೆದರೂ ಕ್ಲಚ್ ಒತ್ತಲು ತುದಿಗೆ ಜಾರಬೇಕು. ಹುಡುಗ ನಕ್ಕ. "ಅಕ್ಕಾರ, ಇದು ಗಂಡಸರ ಗಾಡಿರಿ."

ಹೌದಲ್ಲ, ಹೆಸರುಗಳನ್ನೇ ನೋಡಿ: ಅರ್ಜುನ್, ಸಿಕಂದರ್, ಸರಪಂಚ್, ಟೈಗರ್. ಮಹಾಶಕ್ತಿ ಎಂಬುದೂ ಒಂದಿದೆ. ಹೆಸರು ದೇವಿಯದು, ಕೂರುವವನು ಗಂಡಸು! 2001ರಲ್ಲಿ ಪಲ್ಸರ್ ಬೈಕು ಬಂದಾಗ ಇದು ಗಂಡೇ ಸರಿ ಎಂದು ಜಾಹೀರಾತಿನಲ್ಲೇ ಸಾರಿದರು. ಉಬ್ಬಿದ ಟ್ಯಾಂಕು, ಸಿಟ್ಟಿನ ದೀಪ, ಮೇಲೆದ್ದ ಹೊಗೆಕೊಳವೆ, ಇಷ್ಟಿದ್ದರೆ ಬಲವಂತೆ. ಮುಖ ಕುರಿಯದಾದರೆ ಕುದುರೆಶಕ್ತಿ ಕುಂದುತ್ತದೆಯೆ?

ಟ್ರ್ಯಾಕ್ಟರಿಗೆ ಅಂದ ಬೇಡವೆನ್ನುವವಳಲ್ಲ ನಾನು. ಅಮೆರಿಕದ ಹೆನ್ರಿ ಡ್ರೇಫಸ್ 1938ರಲ್ಲಿ ಜಾನ್ ಡೀರ್ ಟ್ರ್ಯಾಕ್ಟರಿಗೆ ಹೊಸ ರೂಪ ಕೊಟ್ಟ. ಅದೇ ಮನುಷ್ಯ 1955ರ ತನ್ನ ಪುಸ್ತಕದಲ್ಲಿ ಜೋ ಎಂಬ ಗಂಡಸಿನ ಜೊತೆಗೆ ಜೋಸೆಫಿನ್ ಎಂಬ ಹೆಂಗಸಿನ ಮೈಯಳತೆಯನ್ನೂ ಬರೆದಿಟ್ಟ. ರೂಪ ಸಮುದ್ರ ದಾಟಿ ಬಂತು, ಜೋಸೆಫಿನ್ ಅಲ್ಲೇ ಉಳಿದಳು. ನಮ್ಮಲ್ಲಿ ಅಳತೆ ಇಲ್ಲವೆನ್ನುವಂತೆಯೂ ಇಲ್ಲ. ಭೋಪಾಲದ ಕೇಂದ್ರೀಯ ಕೃಷಿ ಎಂಜಿನಿಯರಿಂಗ್ ಸಂಸ್ಥೆಯವರು ರೈತ ಹೆಂಗಸರ ಮೈಯಳತೆ ತೆಗೆದಿದ್ದಾರೆ.

ತುಂಗಭದ್ರೆಯ ಕಾಲುವೆ ನೀರಿನ ನಮ್ಮ ಗದ್ದೆಗಳಲ್ಲಿ ಕೆಸರು ಹದ ಮಾಡಲು ಗೂಳಿಮುಖದ ಟ್ರ್ಯಾಕ್ಟರ್ ಬಂತು, ಕೊಯ್ಯಲು ಮನೆಯಷ್ಟು ದೊಡ್ಡ ಯಂತ್ರ ಬಂತು. ಇವೆರಡರ ನಡುವೆ, ಮೊಣಕಾಲು ಕೆಸರಲ್ಲಿ ಬಗ್ಗಿ, ಹಿಂದಕ್ಕೆ ಹೆಜ್ಜೆಯಿಡುತ್ತ ನಾಟಿ ಮಾಡಿದವರು ಹೆಂಗಸರು. ನನ್ನವ್ವ ಹಾಗೆ ನಾಟಿ ಮಾಡಿ ಮಾಡಿ ಕಡೆಗೆ ನೆಟ್ಟಗೆ ನಿಲ್ಲುವುದನ್ನೇ ಮರೆತಳು. ಆ ಸೊಂಟದ ಬಲಕ್ಕೆ ಯಾವ ಕಾರ್ಖಾನೆಯವರು ಯಾವ ಆಕಾರ ಕೊಟ್ಟಾರು?

ಮುಖವಿಲ್ಲದ ಬಲವೂ ಉಂಟು. 1960ರ ದಶಕದಲ್ಲಿ ಮಾಧುರಿ ಮಾಥುರ್ ಎಂಬ ಗೃಹಿಣಿಯ ಜರ್ಮನ್ ಮಿಕ್ಸಿ ಕೆಟ್ಟು ಕೂತಿತು. ಎಂಜಿನಿಯರ್ ಗಂಡ ಸತ್ಯಪ್ರಕಾಶ್ ಮಾಥುರ್ ನಮ್ಮ ಮಸಾಲೆಗೆ ತಡೆಯುವ ಮೋಟಾರು ಹಾಕಿ ಸುಮೀತ್ ಮಾಡಿದರು. ಬರೇ ಒಂದು ಡಬ್ಬಿ. ಒಣಕೊಬ್ಬರಿ, ಅರಿಸಿನಕೊಂಬು ಹಾಕಿದರೂ ಜಪ್ಪಯ್ಯ ಅನ್ನದು. ಅದಕ್ಕೆ ಯಾರೂ ಹುಲಿಯ ಮೋರೆ ಅಂಟಿಸಲಿಲ್ಲ, ನಾವು ನಂಬದೆಯೂ ಇರಲಿಲ್ಲ.

ಹೊಸ ಟ್ರ್ಯಾಕ್ಟರಿಗೆ ಆರತಿ ಎತ್ತಲು ಮಾತ್ರ ನನ್ನನ್ನೇ ಕರೆದರು. ಎತ್ತಿದೆ. ಮರುದಿನ ಸೀಟಿನ ಬೆನ್ನಿಗೆ ಹಳೆಯ ದಿಂಬೊಂದನ್ನು ಹಗ್ಗದಿಂದ ಬಿಗಿದೆ. ಈಗ ಕ್ಲಚ್ಚು ಕಾಲಿಗೆ ಸಿಗುತ್ತದೆ. ತಮ್ಮನಿಗೆ ಮೊಣಕಾಲು ತಾಗುತ್ತದಂತೆ, ಗೊಣಗುತ್ತಾನೆ.